ಒಂದು ಚಿಟಿಕೆ ಸೋಂಪು

ನಮ್ಮೂರಲ್ಲಿ ಅಡುಗೆಯವನಿಗಿಂತ ಬಡಿಸುವವನಿಗೆ ಮರ್ಯಾದೆ ಹೆಚ್ಚು. ಅಡುಗೆ ಕೆಟ್ಟರೆ ಒಂದು ಹೊತ್ತಿನ ಊಟ ಕೆಟ್ಟಿತು, ಅಷ್ಟೇ. ಬಡಿಸುವವನು ಕಾಲು ಜಾರಿ ಬಿದ್ದರೆ ಮಾತು ಬೇರೆ. ಬಿದ್ದವನು ಧೂಳು ಕೊಡವಿಕೊಂಡು ಏಳುತ್ತಾನೆ. ‘ಅಯ್ಯಯ್ಯೋ ಸೊಂಟ’ ಎಂದು ಕೂಗುವವನು ಅವನ ಕೈಯಿಂದ ಕೊನೆಗೆ ಬಡಿಸಿಕೊಂಡು ಉಂಡವನು. ಗಾಯವಾದವರಿಗೆ ಗಾಯ ಮಾತ್ರ, ನೋವು ಅವರ ಕೈಯಿಂದ ಕೊನೆಗೆ ತಿಂದವರಿಗೆ. ಆಮೇಲೆ ಇನ್ಯಾರಾದರೂ ಅದೇ ಕೈಯಿಂದ ಒಂದು ಕಡಲೆಕಾಳು ತಿಂದರೂ ಸಾಕು, ನೋವು ಹಳಬರನ್ನು ಬಿಟ್ಟು ಹೊಸಬರ ಹತ್ತಿರ ಹೊರಟುಹೋಗುತ್ತದೆ. ಯಾರಿಗೂ ಏನೂ ಕೊಡದೆ ಬದುಕಿದ ಜಿಪುಣರ ನೋವು ಅವರಲ್ಲೇ ಉಳಿಯುತ್ತದೆ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ, ನಾನು ಊರು ಬಿಟ್ಟು ಹೋದವನಲ್ಲ. ರಸ್ತೆಯಲ್ಲಿ ಅಪಘಾತಗಳಾಗುತ್ತವೆ ಎಂದು ಕೇಳಿದ್ದೇನೆ.

ಹಾಗಾಗಿ ಬಡಿಸುವ ಕೆಲಸಕ್ಕೆ ನಮ್ಮವರು ಊರಿನ ಪುಕ್ಕಲರನ್ನೇ ಹುಡುಕುತ್ತಾರೆ. ಪುಕ್ಕಲುತನದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ನಾನು ಸ್ಟೂಲು ಹತ್ತುವುದಿಲ್ಲ, ಬ್ಲೇಡು ಮುಟ್ಟುವುದಿಲ್ಲ, ಹೋತ ಎದುರು ಬಂದರೆ ದಾರಿ ಬಿಟ್ಟು ಕಟ್ಟೆ ಏರಿ ನಿಲ್ಲುತ್ತೇನೆ. ಆ ಕಟ್ಟೆಯೂ ಗಿಡ್ಡವಾಗಿರಬೇಕು. ಮದುವೆಯ ಕರೆಯೋಲೆಯಲ್ಲಿ ವಧೂವರರ ಹೆಸರಿನ ಕೆಳಗೆ ‘ಬಡಿಸುವವರು: ಈರಭದ್ರ’ ಎಂದು ಅಚ್ಚು ಹಾಕಿಸುತ್ತಿದ್ದರು. ಅದನ್ನು ನೋಡಿ ದೂರದ ನೆಂಟರೂ ಧೈರ್ಯವಾಗಿ ಬರುತ್ತಿದ್ದರು. ಟ್ರಂಕಿನ ಕಾರ್ಖಾನೆಯ ಮ್ಯಾನೇಜರ್ ಜಕಾತಿ ಸಾಹೇಬರಂತೂ ಮಧ್ಯಾಹ್ನದ ಊಟವನ್ನು ನನ್ನ ಕೈಯಿಂದಲ್ಲದೆ ಉಣ್ಣುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಸ್ಕೂಟರ್ ಕಲಿಯುತ್ತಿದ್ದಾಳೆ ಎಂದು ರಾತ್ರಿಯೂಟಕ್ಕೆ ತಾವೇ ಬಡಿಸಿಕೊಳ್ಳುತ್ತಿದ್ದರಂತೆ.

ಆ ಕಾರ್ಖಾನೆಯಲ್ಲೇ ನನ್ನ ಅಕ್ಕ ನೀಲವ್ವನ ಗಂಡ ಫಕೀರಪ್ಪ ಮಾವ ತಗಡು ಬಗ್ಗಿಸುವ ಪ್ರೆಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ. ಮಾವನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮೂರ ಗಂಡಸರು ಹೆಂಡತಿಗೆ ಒಂಬತ್ತು ತಿಂಗಳು ತುಂಬಿತೆಂದರೆ ಸಾಕು, ಆಕೆಯ ಕೈಯ ಊಟ ಬಿಟ್ಟು ಖಾನಾವಳಿ ಸೇರುತ್ತಾರೆ. ಹೆರಿಗೆ ನೋವು ಯಾರಿಗೆ ಬೇಕು? ಆ ತಿಂಗಳು ಹೆಂಗಸರು ಉಪಾಯವಾಗಿ ಅತ್ತೆಗೆ ಉಪ್ಪಿಟ್ಟು ತಿನ್ನಿಸುತ್ತಾರೆ, ಅತ್ತೆಯರು ಉಪವಾಸ ವ್ರತ ಹಿಡಿಯುತ್ತಾರೆ. ಮಾವ ಮಾತ್ರ ಎರಡೂ ಹೆರಿಗೆಯ ಹೊತ್ತಿಗೆ ಅಕ್ಕನ ಎದುರು ಚಕ್ಕಂಬಕ್ಕಳ ಹಾಕಿ ಕೂತು ಅವಳ ಕೈಯಿಂದ ಹೋಳಿಗೆ ತಿಂದ. ಅಕ್ಕ ಒಳಗೆ ಎಲೆ ಅಡಿಕೆ ಹಾಕಿಕೊಂಡು ಸೂಲಗಿತ್ತಿಯ ಜೊತೆ ಹರಟುತ್ತ ಹೆತ್ತಳು. ಮಾವ ಹೊರಗೆ ಕಂಬ ತಬ್ಬಿಕೊಂಡು ಓಣಿಗೆ ಓಣಿಯೇ ಕೇಳುವಂತೆ ತನ್ನ ಅವ್ವನನ್ನು ಕರೆದ. ಅಂದಿನಿಂದ ಅಕ್ಕ ಪ್ರತಿ ಮುಂಜಾನೆ ಅವನು ಕೆಲಸಕ್ಕೆ ಹೊರಡುವ ಮುಂಚೆ ಅವನ ಕೈಯಿಂದ ಒಂದು ತುತ್ತು ತಿಂದೇ ಕಳಿಸುತ್ತಿದ್ದಳು. ಬೇರೆಯವರ ಮನೆಯಲ್ಲಿ ಗಂಡ ಹೆಂಡಿರು ಪ್ರೀತಿಗೆ ಏನೇನು ಮಾಡುತ್ತಾರೋ, ಇವರದು ಇದು.

ಪ್ರೆಸ್ಸಿನ ಸ್ಪ್ರಿಂಗು ಸಡಿಲಾಗಿದೆ ಎಂದು ಮಾವ ಹೇಳಿಹೇಳಿ ಸಾಕಾಗಿದ್ದ. ಜಕಾತಿ ಸಾಹೇಬರು ಅದಕ್ಕೊಂದು ಹಗ್ಗ ಕಟ್ಟಿಸಿದ್ದರು. ಒಂದು ದಿನ ಹಗ್ಗ ಹರಿದು ಪ್ರೆಸ್ಸು ಮಾವನ ಬಲಗೈ ಮೇಲೆ ಕೂತಿತು. ಮಾವ ಕೈಯನ್ನು ನೋಡಿ, ‘ಅರೆ, ಸಿಕ್ಕೊಂಡೇತಲ್ಲ ಇದು’ ಎಂದನಂತೆ. ಆ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅಕ್ಕ ಹಿಟ್ಟಿನ ಮುದ್ದೆಯನ್ನು ಗೋಡೆಗೆ ಎಸೆದು ಚೀರಿದಳು. ಓಣಿಯವರು ಅವಳ ಹತ್ತಿರ ಯಾರೂ ಬರಲಿಲ್ಲ, ಎಲ್ಲರೂ ಸೀದಾ ಕಾರ್ಖಾನೆಗೆ ಓಡಿದರು.

ಎಲುಬು ಸೊಟ್ಟ ಕೂಡಿಕೊಂಡಿತು. ದೊಡ್ಡಾಸ್ಪತ್ರೆಯಲ್ಲಿ ಕೈ ಬಿಚ್ಚಿ, ಎಲುಬು ಮತ್ತೆ ಮುರಿದು ಕೂಡಿಸಬೇಕು, ಅಲ್ಲಿಯವರೆಗೆ ನೋವು ಹೋಗುವುದಿಲ್ಲ ಎಂದರು ಡಾಕ್ಟರು. ಅಷ್ಟು ಖರ್ಚು ಮಾಡುವ ಶಕ್ತಿ ನಮಗಿರಲಿಲ್ಲ. ಕೆಲಸದಲ್ಲಿ ಆದ ಗಾಯಕ್ಕೆ ಕಾರ್ಖಾನೆಯೇ ಪರಿಹಾರ ಕೊಡಬೇಕು ಎಂಬ ಕಾಯಿದೆ ಇದೆ. ಮಾವ ಅರ್ಜಿ ಹಾಕಿದ. ಜಕಾತಿ ಸಾಹೇಬರು ಅವನನ್ನು ಕರೆಸಿ, ಮುರಿದ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮಾವನಿಗೆ ಕಚಗುಳಿಯಾಗಿ ನಕ್ಕುಬಿಟ್ಟ. ಅಲ್ಲಿ ಮನೆಯಲ್ಲಿ ಅಕ್ಕ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಸಾಹೇಬರ ತೀರ್ಪು ಎರಡೇ ಸಾಲಿನದು. ಗಾಯವಾದವನಿಗೆ ನೋವಿಲ್ಲ, ನೋವಾದವಳು ನಮ್ಮ ನೌಕರಳಲ್ಲ. ಅರ್ಜಿ ವಜಾ.

ನೋವು ನೌಕರನಿಗೇ ಆಗಬೇಕೇ? ಆಗಲಿ ಎಂದು ಮಾವನ ಜೊತೆಗಾರ ಗುಡುಸಾಬ ಮುಂದೆ ಬಂದ. ರವಿವಾರ ನಮ್ಮನೆ ಕಟ್ಟೆಯ ಮೇಲೆ ಕೂತು, ದೇವರ ಹೆಸರು ಹೇಳಿ, ಮಾವನ ಕೈಯಿಂದ ಒಂದು ಮಿರ್ಚಿ ಭಜಿ ತಿಂದ. ತಿಂದವನು ಮಿರ್ಚಿಗೆ ಅತ್ತನೋ ನೋವಿಗೆ ಅತ್ತನೋ ತಿಳಿಯಲಿಲ್ಲ. ಸೋಮವಾರ ಆ ನೋವು ಹೊತ್ತುಕೊಂಡು ಸಾಹೇಬರ ಎದುರು ನಿಂತ. ಅವರು ತಲೆಯೆತ್ತದೆ, ‘ರಜೆ ದಿನ, ತನ್ನ ಖುಷಿಯಿಂದ ತಿಂದ ಭಜಿಗೆ ಕಾರ್ಖಾನೆ ಜವಾಬ್ದಾರಿ ಅಲ್ಲ’ ಎಂದರು. ಎರಡನೆಯ ಸಲವೂ ವಜಾ. ಗುಡುಸಾಬನಿಗೆ ಸುತ್ತಿಗೆ ಎತ್ತಲಾಗಲಿಲ್ಲ. ಸಂಜೆ ಅಕ್ಕನೇ ಅವನನ್ನು ಕರೆದು, ‘ನಿನ್ನ ಮನೀ ಒಲೀನೂ ಉರೀಬೇಕಲ್ಲಪ್ಪಾ’ ಎಂದು ಹೇಳಿ, ಅವನೆದುರೇ ಮಾವನ ಕೈಯಿಂದ ಒಂದು ಚೂರು ಬೆಲ್ಲ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡು ಸುಮ್ಮನೆ ಗೋಡೆಗೆ ಒರಗಿದಳು. ನನಗೆ ಅಳು ಬಂತು. ನಾನೂ ಒಂದು ದಿನ ತೆಗೆದುಕೊಂಡು ನೋಡಿದ್ದೆ. ಸಾರಿನ ಬಕೆಟ್ಟಿನ ಸಮೇತ ಮೂರ್ಛೆ ಹೋಗಿದ್ದೆ.

ಅಕ್ಕನ ಬಾಯಿ ಮಾತ್ರ ನೋವಿಗೆ ಬಗ್ಗಿರಲಿಲ್ಲ. ‘ಏ ತಮ್ಮಾ, ದಿನಾ ಹೋಗಿ ಆ ಮನಿಹಾಳನ ಎಲಿಗೆ ತುಪ್ಪ ಸುರೀತಿ. ನಿನ್ನ ಕೈಯಾಗ ತಿಂದು ತಿಂದು ಅಂವನ ಹೊಟ್ಟಿ ಟ್ರಂಕ್ ಆಗೇತಿ. ನನಗ ಮಾತ್ರ ನಿನ್ನಿಂದ ಒಂದು ಕಡ್ಡೀ ಉಪಕಾರಿಲ್ಲ’ ಎಂದಳು.

‘ನಾ ಏನ್ ಮಾಡ್ಲಿ ಅಕ್ಕಾ? ಬಡಸಾಂವ ನಾನು.’

‘ಬಡಸಾಂವನ ಬೇಕಾಗ್ಯಾನ ಈಗ. ನಡಿ ವಕೀಲರ ಹಂತ್ಯಾಕ.’

ವಕೀಲರು ಎಂದರೆ ಸುಭದ್ರಾಬಾಯಿಯವರು. ಕಾರ್ಮಿಕರ ಕೇಸುಗಳನ್ನೇ ಹಿಡಿದು ಕೂದಲು ಬಿಳಿಯಾಗಿಸಿಕೊಂಡವರು. ಕಕ್ಷಿದಾರರು ತಂದ ಬಾಳೆಹಣ್ಣನ್ನು ಕೂಡ ಕೋಲಿನಿಂದ ದೂಡಿ ಇಡಿಸುತ್ತಾರೆ. ಅವರು ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸಿದರು. ‘ಜಕಾತಿ ಕಾಯ್ದೆ ತಪ್ಪು ಹೇಳ್ಯಾರ ಅಂತ ಮೇಲಿನ ಕೋರ್ಟಿಗೆ ಹೋಗಬಹುದು. ಹೋದ್ರ ನಿನ್ನ ಮೊಮ್ಮಕ್ಕಳ ಕಾಲಕ್ಕ ತೀರ್ಪು ಬರ್ತೈತಿ ನೀಲವ್ವಾ. ಅದರ ಬದಲಿ ಅವರು ಹೇಳಿದ್ದನ್ನ ಹಿಡೀರಿ. ಗಾಯಾನೂ ಕಾರ್ಖಾನಿದು ಇರಬೇಕು, ನೋವೂ ಕಾರ್ಖಾನಿದು ಇರಬೇಕು, ಹೊತ್ತೂ ಕಾರ್ಖಾನಿದು ಇರಬೇಕು. ಮ್ಯಾಲೆ, ಬೇಕಂತ ತಿಂದಿರಬಾರದು. ಈಗ ಹೇಳ್ರಿ, ಕಾರ್ಖಾನ್ಯಾಗ ಡ್ಯೂಟಿ ಹೊತ್ತಿನಾಗ ಕುಂತು ಉಣ್ಣಾಂವ ಯಾರು?’

ಅಕ್ಕ, ಮಾವ, ನಾನು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೆಲಸಗಾರರಿಗೆ ಊಟಕ್ಕೆ ಗಂಟೆ ಹೊಡೆದು ಹೊರಗೆ ಬಿಡುತ್ತಾರೆ. ಒಳಗೆ ಕೂತು, ಕೆಲಸ ನಡೆಸುತ್ತಲೇ ಉಣ್ಣುವವರು ಒಬ್ಬರೇ. ಅಹವಾಲು ಕೇಳುವುದನ್ನು ಅವರು ಊಟದ ಹೊತ್ತಿಗೇ ಇಟ್ಟುಕೊಂಡಿದ್ದರು. ಹಸಿದ ಹೊಟ್ಟೆಯವನ ಎದುರು ತುಪ್ಪದನ್ನ ಕಲಸಿದರೆ ಅವನು ಮಾತು ಬೇಗ ಮುಗಿಸುತ್ತಾನೆ ಎಂಬುದು ಅವರ ಲೆಕ್ಕಾಚಾರ.

‘ನಾ ಏನೂ ಹೇಳಿಲ್ಲ’ ಎಂದರು ಸುಭದ್ರಾಬಾಯಿ. ‘ಫೀಸು ಏನೂ ಬ್ಯಾಡ. ನನ್ನ ಮಗಳ ಮದುವ್ಯಾಗ ಈರಭದ್ರ ಬಡಸಬೇಕು.’

ನಾನು ಗೋಣು ಆಡಿಸಿದೆ. ಆದರೆ ಬಡಿಸುವವನ ಸರದಿಯಲ್ಲಿ ಇನ್ನೊಬ್ಬರ ಕೈ ಎಲೆಗೆ ಬಂತೆಂದು ಒಂದು ಸಲ ಸುದ್ದಿಯಾದರೆ ಮುಗಿಯಿತು, ಆಮೇಲೆ ಆ ಬಡಿಸುವವನನ್ನು ತಿಥಿಗೂ ಕರೆಯುವುದಿಲ್ಲ. ನನಗೆ ಬೇರೆ ವಿದ್ಯೆ ಬರುವುದಿಲ್ಲ. ದಾರಿಯಲ್ಲಿ ಇದನ್ನು ಅಕ್ಕನಿಗೆ ಹೇಳೋಣವೆಂದು ಬಾಯಿ ತೆರೆದೆ. ಅವಳು ಎಡಗೈಯಿಂದ ಬಲಗೈಯನ್ನು ಮಗುವಿನಂತೆ ಎತ್ತಿ ಹಿಡಿದುಕೊಂಡು ನಡೆಯುತ್ತಿದ್ದಳು. ಆ ಕೈಗೆ ಒಂದು ಗೀರೂ ಆಗಿರಲಿಲ್ಲ. ನಾನು ಅದನ್ನು ಬಿಟ್ಟು ಸಾಹೇಬರ ಸೋಂಪಿನ ಮಾತು ತೆಗೆದೆ.

ಸಾಹೇಬರ ಒಂದು ಚಟ ನನಗೊಬ್ಬನಿಗೇ ಗೊತ್ತಿತ್ತು. ಊಟವಾಗಿ, ಕೈ ತೊಳೆದು, ಯಾವುದಾದರೊಂದು ಕಾಗದಕ್ಕೆ ಸಹಿ ಹಾಕಿ, ಪೆನ್ನು ಕೆಳಗಿಟ್ಟ ಮೇಲೆ ಅವರ ಬಲಗೈ ತಾನಾಗಿಯೇ ಪಕ್ಕಕ್ಕೆ ಚಾಚಿಕೊಳ್ಳುತ್ತಿತ್ತು. ನಾನು ಅಂಗೈಗೆ ಒಂದು ಚಿಟಿಕೆ ಸೋಂಪು ಹಾಕುತ್ತಿದ್ದೆ. ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಸಾಹೇಬರು ಆ ಕಡೆ ಒಂದು ಸಲವೂ ತಿರುಗಿ ನೋಡಿದವರಲ್ಲ. ಎಲೆಯ ಮುಂದೆ ಅಷ್ಟು ಹುಷಾರಿನ ಮನುಷ್ಯನಿಗೆ ಸೋಂಪು ಊಟವೇ ಅಲ್ಲ.

ಮಾವ ಮನೆಯಲ್ಲಿ ಸೋಂಪಿನ ಚಿಟಿಕೆ ಹಿಡಿಯುವ ಅಭ್ಯಾಸ ಶುರುಮಾಡಿದ. ಸೊಟ್ಟ ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಅವನಿಗೇನು, ನೋವಿಲ್ಲ, ಒತ್ತಿ ಒತ್ತಿ ತಾಗಿಸುತ್ತಿದ್ದ. ಅವನು ಒತ್ತಿದಾಗಲೆಲ್ಲ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಮಾವ ಕೈ ಹಿಂದೆಗೆದು, ‘ಸಾಕ ಬಿಡು ನೀಲಿ, ನನ್ ಕಡಿಂದ ಆಗೂದಿಲ್ಲ’ ಎಂದ.

ಅಕ್ಕ ಸೆರಗು ತೆಗೆದು, ‘ನಿನ್ ಕಡಿಂದ ಆಗೂದಿಲ್ಲ ಅನ್ನಾಕ ನೋವು ನಿನಗ ಆಗಾಕತ್ತೈತೇನು? ಹಿಡಿ ಇನ್ನೊಮ್ಮೆ!’ ಎಂದು ಗದರಿದಳು. ಮಾವ ಹಿಡಿದ. ಅವಳು ಅತ್ತಳು. ಆಮೇಲೆ ಇಬ್ಬರೂ ನಕ್ಕರು. ಆ ಬಟ್ಟಲಿನಿಂದ ಒಂದು ಕಾಳನ್ನೂ ಯಾರೂ ತಿನ್ನದಂತೆ ನಾನು ಕಾವಲು ಕೂತೆ.

ವಿಚಾರಣೆಯ ದಿನ ಬಂತು. ಮೂರನೆಯ ಅರ್ಜಿ ಹಿಡಿದು ಮಾವ ಸಾಹೇಬರ ಕೋಣೆಯಲ್ಲಿ ನಿಂತ. ಸಾಹೇಬರು ಮಜ್ಜಿಗೆಯನ್ನದಲ್ಲಿದ್ದರು. ನಾನು ಉಪ್ಪಿನಕಾಯಿ ಹಾಕುತ್ತ, ನನ್ನ ಜೀವಮಾನದ ಅತಿ ದೊಡ್ಡ ಸಾಹಸಕ್ಕೆ ಕೈಹಾಕಿದೆ. ‘ಸಾಹೇಬ್ರ, ನಮ್ಮ ಮಾವ ಅಂತ ಹೇಳೂದಿಲ್ಲ, ಆ ಕೈ ಚೊಲೋನ ಐತ್ರಿ. ಮನ್ಯಾಗ ಎಲ್ಲಾ ಹಿಡೀತಾನು. ಇಲ್ಲಿ ಬಂದ್ರ ಅಷ್ಟ ಬಾವುಲಿಗತೆ ಜೋತು ಬಿಡ್ತಾನು’ ಎಂದೆ.

ಸಾಹೇಬರ ಕಣ್ಣು ಅರಳಿತು. ‘ಹೌದೇನು? ನನಗ ಮೊದಲ ಸಂಶಯ ಇತ್ತು’ ಎಂದವರೇ ಕೈ ತೊಳೆದು ಬಂದು ಕೂತರು. ‘ಫಕೀರಪ್ಪಾ, ಈ ಪೇಪರ್‌ವೇಟ್ ಎತ್ತು.’ ಮಾವ ಎತ್ತಿದ, ಬೀಳಿಸಿದ. ‘ಈ ಪೆನ್ನು ಹಿಡಿ.’ ಅದೂ ಬಿತ್ತು. ‘ನಾಟಕ ಮಾಡ್ತಿ?’

‘ಸಣ್ಣದು ಏನರ ಕೊಟ್ಟು ನೋಡ್ರಿ ಸಾಹೇಬ್ರ’ ಎಂದು ನಾನು ಸೋಂಪಿನ ಬಟ್ಟಲನ್ನು ಮಾವನ ಮುಂದೆ ಚಾಚಿದೆ.

ಮಾವ ಸೊಟ್ಟ ಬೆರಳುಗಳನ್ನು ಬಟ್ಟಲಿಗೆ ಇಳಿಸಿ, ಮೆಲ್ಲಗೆ ಒತ್ತಿ, ಚಿಟಿಕೆಯಷ್ಟು ಸೋಂಪನ್ನು ಎತ್ತಿ ಹಿಡಿದ. ಒಂದು ಕಾಳೂ ಉದುರಲಿಲ್ಲ. ಸಾಹೇಬರು ಮೇಜು ಗುದ್ದಿದರು. ‘ಹಾಂ! ಸೋಂಪು ಹಿಡಿಯೂ ಕೈಗೆ ಪರಿಹಾರ ಬೇಕೇನು? ಸೂಜಿಗೆ ದಾರ ಪೋಣಸ್ತಿ ನೀನು, ಮಗನ!’ ಕಾಗದ ಎಳೆದುಕೊಂಡು, ಕೈ ಸುಸ್ಥಿತಿಯಲ್ಲಿದೆ, ಯಾವ ನೋವೂ ಇರುವುದಿಲ್ಲ ಎಂದು ಬರೆದು, ಕೆಳಗೆ ಉದ್ದ ಬಾಲದ ಸಹಿ ಎಳೆದು, ಪೆನ್ನು ಕೆಳಗಿಟ್ಟರು. ಬಲಗೈ ಪಕ್ಕಕ್ಕೆ ಚಾಚಿಕೊಂಡಿತು.

ನಾನು ಕದಲಲಿಲ್ಲ. ಮಾವ ಚಿಟಿಕೆಯನ್ನು ಅಂಗೈಗೆ ಬಿಟ್ಟ. ಕೈ ಬಾಯಿಗೆ ಹೋಯಿತು.

ಸಾಹೇಬರು ಎರಡು ಸಲ ಅಗಿದರು. ಮೂರನೆಯ ಸಲ ಅಗಿಯಲು ತೆರೆದ ಬಾಯಿ ಹಾಗೆಯೇ ಉಳಿಯಿತು. ಆಮೇಲೆ ಬಂದ ಕೂಗಿಗೆ ಕಾರ್ಖಾನೆಯ ಅಷ್ಟೂ ಟ್ರಂಕುಗಳು ಗುಂಯ್ ಎಂದವು. ‘ಕೈ! ನನ್ನ ಕೈ!’ ಎನ್ನುತ್ತ ಅವರು ಮಾವನ ಕೈ ಹಿಡಿದು ಎಳೆದರು, ಎಳೆದದ್ದಕ್ಕೆ ಇನ್ನೂ ಜೋರಾಗಿ ಕೂಗಿದರು.

‘ಸಾವಕಾಶ ಸಾಹೇಬ್ರ’ ಎಂದ ಮಾವ ಕಳಕಳಿಯಿಂದ. ‘ಎಳದ್ರ ನಿಮಗ ನೋಯ್ತೈತಿ.’

ಟ್ರಂಕು ಕೊಳ್ಳಲು ಬಂದಿದ್ದೆ ಎಂದು ಹೇಳಿಕೊಂಡು ಸುಭದ್ರಾಬಾಯಿಯವರು ಅದೇ ಗಳಿಗೆಗೆ ಒಳಗೆ ಬಂದರು. ‘ಅಯ್ಯ, ಏನಾತು ಜಕಾತಿಯವರ? ಯಾರಿಗೆ ನೋವು?’

‘ನನಗ! ಕಾಣ್ಸೂದಿಲ್ಲೇನು?’

‘ನೀವು ಬೇಕಂತ ತಿಂದ್ರೇನು?’

‘ಯಾವ ಹುಚ್ಚ ಬೇಕಂತ ತಿಂತಾನ್ರೀ? ನಾ ಡ್ಯೂಟಿ ಮ್ಯಾಲಿದ್ದೀನಿ!’

‘ಅಷ್ಟ ಬರದು ಕೊಡ್ರಿ, ಸಾಕು’ ಎಂದರು ಸುಭದ್ರಾಬಾಯಿ, ಮೇಜಿನ ಮೇಲಿದ್ದ ಪೆನ್ನನ್ನು ಮುಂದೆ ಸರಿಸುತ್ತ. ಸಾಹೇಬರು ವಾಚ್‌ಮನ್ನನನ್ನು ಕರೆದು, ಫಕೀರಪ್ಪನ ಕೈಯಿಂದ ಏನಾದರೂ ತಿನ್ನು ಎಂದು ಹುಕುಂ ಮಾಡಿದರು. ವಾಚ್‌ಮನ್ ತನಗೆ ಏಕಾದಶಿ ಎಂದ. ಅಂದು ಏಕಾದಶಿ ಅಲ್ಲ. ಮಾವ ಬಲಗೈಯನ್ನು ಜೇಬಿಗಿಳಿಸಿ ನಿಂತುಬಿಟ್ಟ. ಗತಿಯಿಲ್ಲದೆ ಸಾಹೇಬರು ಎಡಗೈಯಲ್ಲಿ ಬರೆದರು. ಗಾಯ ಕಾರ್ಖಾನೆಯದು, ನೋವು ಕಾರ್ಖಾನೆಯದು, ಹೊತ್ತು ಕಾರ್ಖಾನೆಯದು, ಪೂರ್ತಿ ಪರಿಹಾರ ಮಂಜೂರು. ಈ ಸಲದ ಸಹಿಗೆ ಬಾಲ ಬರಲಿಲ್ಲ.

ನಾನು ಮನೆಗೆ ಓಡಿದೆ. ಓಡಿದೆ ಎಂದು ಬರೆಯುವಾಗ ನನಗೇ ನಂಬಿಕೆ ಬರುವುದಿಲ್ಲ. ಅಕ್ಕ ಹಿತ್ತಲ ಕಲ್ಲಿನ ಮೇಲೆ ಕೂತು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮುಷ್ಟಿ ಕಟ್ಟಿದಳು, ಬಿಚ್ಚಿದಳು. ‘ಹೋತು ನೋಡೋ ತಮ್ಮಾ’ ಎಂದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ನೋವಿದ್ದಷ್ಟು ದಿನ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಸಾಹೇಬರು ಒಂದು ದಿನವೂ ತಡಮಾಡಲಿಲ್ಲ. ಕಾರ್ಖಾನೆಯ ಕಾರಿನಲ್ಲಿ ಮಾವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವನ ಕೈ ಕೆಳಗೆ ತಮ್ಮ ದಿಂಬು ಇಟ್ಟು, ಪ್ರತಿ ತಗ್ಗಿಗೂ ಡ್ರೈವರನಿಗೆ ಮೆಲ್ಲಗೆ ಮೆಲ್ಲಗೆ ಎಂದು ಕೈಮುಗಿಯುತ್ತ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಎರಡು ಮಂಚ ಒತ್ತಟ್ಟಿಗೆ ಹಾಕಿ, ಪದ್ಧತಿಯಂತೆ ಮತ್ತಿನ ಸೂಜಿಯನ್ನು ಸಾಹೇಬರಿಗೆ ಚುಚ್ಚಿ, ಮಾವನ ಎಲುಬು ಕೂಡಿಸಿದರು. ಮಾವ ಡಾಕ್ಟರಿಗೆ ಟ್ರಂಕು ಮಾಡುವ ಬಗೆ ವಿವರಿಸುತ್ತಿದ್ದನಂತೆ. ಆ ಸೂಜಿಯ ಮತ್ತು ಇಳಿದ ಮೇಲೆ ಬಹಳ ದಿನ ಸಾಹೇಬರೇ ಮುಂಜಾನೆ ಸಂಜೆ ನಮ್ಮ ಮನೆಗೆ ಬಂದು ಮಾವನ ಕೈಗೆ ಎಣ್ಣೆ ನೀವಿದರು. ಬೇರೆಯವರು ನೀವಿದರೆ ಎಲ್ಲಿ ಒರಟಾಗಿ ನೀವುತ್ತಾರೋ ಎಂದು ಅವರಿಗೆ ಭಯ. ಕೈ ನೆಟ್ಟಗಾಯಿತು, ನೋವು ಹೋಯಿತು. ಪ್ರೆಸ್ಸಿಗೆ ಹೊಸ ಸ್ಪ್ರಿಂಗೂ ಬಂತು.

ನನ್ನ ಕೆಲಸ ಮಾತ್ರ ಹೋಯಿತು. ಕರೆಯೋಲೆಗಳಲ್ಲಿ ನನ್ನ ಹೆಸರು ಬರುವುದು ನಿಂತಿತು. ಸುಭದ್ರಾಬಾಯಿಯವರೊಬ್ಬರೇ ಮಾತಿಗೆ ತಪ್ಪದೆ ಕರೆದರು. ಆ ಮದುವೆಯಲ್ಲಿ ನಾನು ಬಡಿಸಿದ ಸಾಲಿಗೆ ಅರ್ಧ ಜನ ಕೂರಲಿಲ್ಲ. ಈಗ ಅಕ್ಕನ ಮನೆಯಲ್ಲಿ ರೊಟ್ಟಿ ಮಾಡಿ ಮಾರುತ್ತೇವೆ. ಗಿರಾಕಿಗಳು ತಾವೇ ಬುಟ್ಟಿಯಿಂದ ತೆಗೆದುಕೊಳ್ಳುತ್ತಾರೆ. ನನಗೆ ಬೇಸರವಿಲ್ಲ ಎಂದರೆ ಸುಳ್ಳು, ಪಶ್ಚಾತ್ತಾಪವಿದೆ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು.

ಒಂದು ಮುಂಜಾನೆ ಜಕಾತಿ ಸಾಹೇಬರು ಬಂದು ಬಾಗಿಲಲ್ಲಿ ನಿಂತರು. ಎಣ್ಣೆ ನೀವುವ ಕಾಲ ಮುಗಿದಿತ್ತು, ಮತ್ತೇಕೆ ಬಂದರೋ ಎಂದುಕೊಂಡೆ. ಅವರು ಬಂದ ವಿಷಯ ಹೇಳಿದರು. ಅಷ್ಟು ದಿನ ಡ್ಯೂಟಿಯ ಮೇಲೆ ನೋವು ತಿಂದದ್ದಕ್ಕೆ ತಮಗೂ ಪರಿಹಾರ ಬೇಕೆಂದು ಅವರು ಮಾಲೀಕರಿಗೆ ಅರ್ಜಿ ಹಾಕಿದ್ದರಂತೆ. ಮಾಲೀಕರು, ಎಲ್ಲಿ ಗಾಯ ತೋರಿಸು ಎಂದು ಕೇಳಿ, ಅದನ್ನು ವಜಾ ಮಾಡಿದರಂತೆ.

‘ನೀಲವ್ವಾ, ನೀವು ಗೆದ್ದವರು. ಹೆಂಗ ಮಾಡೂದು ಅಂತ ಒಂದೀಟು ಹೇಳ್ರಿ’ ಎಂದರು. ದನಿ ಬಾಗಿತ್ತು.

ಅಕ್ಕ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಬೈಯುತ್ತಾಳೆಂದು ನಾನು ಕಾದೆ. ಅವಳು ಮಣೆ ಹಾಕಿದಳು, ತಟ್ಟೆ ಇಟ್ಟಳು, ತನ್ನ ಕೈಯಾರೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ‘ಮೊದಲ ಊಟ ಮಾಡ್ರಿ ಸಾಹೇಬ್ರ. ಹಸದವರ ಜೋಡಿ ನಾ ಕೇಸಿನ ಮಾತಾಡೂದಿಲ್ಲ.’

ಸಾಹೇಬರು ತಟ್ಟೆ ನೋಡಿದರು, ಅಕ್ಕನ ಕೈ ನೋಡಿದರು, ನನ್ನನ್ನು ನೋಡಿದರು. ನಾನು ಸೂರು ನೋಡಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಒಂದು ತುತ್ತು ಬಾಯಿಗಿಟ್ಟರು.

ಅಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಕೊಡಲಿ ಎತ್ತಿಕೊಂಡಳು. ‘ಸಾವಕಾಶ ಉಣ್ರಿ. ಅಷ್ಟರಾಗ ನಾ ಹಿತ್ತಲದಾಗ ಕಟಗಿ ಒಡಕೊಂಡು ಬರ್ತೀನಿ. ಬರಿಗಾಲಿಲೆ ಒಡದ್ರ ನನಗ ಹಿಡಿತ ಚೊಲೋ ಸಿಗ್ತೈತಿ.’

ಸಾಹೇಬರು ತುತ್ತು ನುಂಗುವುದನ್ನೂ ಮರೆತು ಎದ್ದು ಅಡ್ಡ ಬಂದರು. ‘ಯವ್ವಾ, ಬ್ಯಾಡ, ಅದನ್ನ ಇಲ್ಲಿ ಕೊಡ್ರಿ’ ಎಂದರು. ‘ಎಷ್ಟು ಕಟಗಿ ಐತಿ ಹೇಳ್ರಿ, ನಾನ ಒಡೀತೀನಿ.’